ಇಪ್ಪತ್ತೈದು ಮೀಟರ್ ಬ್ಯಾಂಡಿನ ಚಂಡೆ

ಕಳೆದ ಅಕ್ಟೋಬರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಪೂಜೆಗೆಂದು ಘಾಜಿಯಾಬಾದಿನಿಂದ ಲೋಧಿ ಕಾಲೋನಿಗೆ ಹೋಗಿದ್ದೆ. ನಿವೃತ್ತನಾಗಿ ಸರ್ಕಾರಿ ಮನೆ ಬಿಟ್ಟ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಸಂಜೆ ಆರರ ಹೊತ್ತು. ಮೆಟ್ರೋ ಇಳಿದು ಒಳರಸ್ತೆಗೆ ತಿರುಗಿದ್ದೇ ತಡ, ಹಾಲೆ ಮರದ ಹೂವಿನ ವಾಸನೆ ಮುಖಕ್ಕೆ ಹೊಡೆಯಿತು. ಇಲ್ಲಿಯವರು ಅದನ್ನು ಸಪ್ತಪರ್ಣಿ ಎನ್ನುತ್ತಾರೆ. ಕೆಲವರಿಗೆ ಆ ವಾಸನೆಯೆಂದರೆ ಪ್ರಾಣ, ಕೆಲವರಿಗೆ ತಲೆನೋವು. ನನಗೆ ಎರಡೂ ಅಲ್ಲ. ಆ ವಾಸನೆ ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಪೂಜೆಗೆ ಇನ್ನೂ ಹೊತ್ತಿತ್ತು. ನಮ್ಮ ಹಳೆಯ ಬ್ಲಾಕಿನ ಮುಂದೆ ಹೋಗಿ ನಿಂತೆ. ನಾವಿದ್ದ ಮೊದಲ ಮಹಡಿಯ ಬಾಲ್ಕನಿಗೆ ಯಾರೋ ಗಾಜು ಹಾಕಿಸಿದ್ದಾರೆ. ಎದುರಿನ ಹಾಲೆ ಮರ ಮಾತ್ರ ಅಲ್ಲೇ ಇದೆ, ನನ್ನ ಹಾಗೆಯೇ ಸೊಂಟ ದಪ್ಪ ಮಾಡಿಕೊಂಡಿದೆ. ಅದರ ಕವಲಿನಲ್ಲಿ ಒಂದು ಹಸಿರು ತಂತಿಯ ತುಂಡು ಕಂಡಿತು. ಹೊರಗಿದ್ದದ್ದು ಒಂದು ಗೇಣು, ಉಳಿದದ್ದನ್ನು ತೊಗಟೆ ನುಂಗಿಬಿಟ್ಟಿತ್ತು. ಆ ತಂತಿ ಕಟ್ಟಿದವನು ನಾನು. ಎರಡು ಸಾವಿರದ ನಾಲ್ಕನೇ ಇಸವಿ, ದಸರೆಯ ರಜೆ. ಕೆಳಗೆ ನಿಂತು 'ಬೀಳ್ತೀರಿ, ಇಳೀರಿ' ಎನ್ನುತ್ತಿದ್ದವಳು ಹೆಂಡತಿ ವಿಮಲಾ. ಬಾಲ್ಕನಿಯಲ್ಲಿ ತಂತಿಯ ಇನ್ನೊಂದು ತುದಿ ಹಿಡಿದುಕೊಂಡಿದ್ದವಳು ಮಗಳು ಪಲ್ಲವಿ.

ನಾನು ಆಗ ಒಂದು ಕೇಂದ್ರ ಸಚಿವಾಲಯದಲ್ಲಿ ಅಸಿಸ್ಟೆಂಟ್. ಹಗಲೆಲ್ಲ ಕಡತಗಳ ಮೇಲೆ ಟಿಪ್ಪಣಿ ಬರೆಯುವುದು, ಸಂಜೆ ರೇಡಿಯೋ ಕೇಳುವುದು. ಕುವೈತಿನಲ್ಲಿದ್ದ ಸ್ನೇಹಿತನೊಬ್ಬ ತಂದುಕೊಟ್ಟಿದ್ದ ಒಳ್ಳೆಯ ಶಾರ್ಟ್‌ವೇವ್ ರೇಡಿಯೋ ನನ್ನ ಹತ್ತಿರವಿತ್ತು. ಶಾರ್ಟ್‌ವೇವ್ ಕೇಳುವವರದು ಒಂದು ಬೇರೆಯೇ ಜಾತಿ. ನಮಗೆ ಹಾಡು ಬೇಡ, ವಾರ್ತೆ ಬೇಡ. ದೂರದ ಯಾವುದೋ ಸ್ಟೇಷನ್ ಕೇಳಿಸಬೇಕು, ಅದು ಯಾವುದೆಂದು ಪತ್ತೆ ಹಚ್ಚಬೇಕು, ಅವರಿಗೆ ಪತ್ರ ಬರೆಯಬೇಕು, ಅವರಿಂದ 'ನೀವು ಕೇಳಿದ್ದು ನಮ್ಮನ್ನೇ' ಎಂಬ ಬಣ್ಣದ ಕಾರ್ಡು ಬರಬೇಕು. ಅಷ್ಟಕ್ಕೇ ಜನ್ಮ ಸಾರ್ಥಕ. ನಮ್ಮಂಥವರ ಒಂದು ಕ್ಲಬ್ಬೂ ಇತ್ತು, ಅದರ ಹಿರಿಯರು ಹೊಸಬರಿಗೆ ಮೊದಲು ಹೇಳಿಕೊಡುತ್ತಿದ್ದ ನಿಯಮ ಒಂದೇ: ಸ್ಟೇಷನ್ನು ತನ್ನ ಹೆಸರನ್ನು ತಾನೇ ಹೇಳಿದ್ದು ಕೇಳಿಸಬೇಕು. ಅಲ್ಲಿಯವರೆಗೆ ನೀವು ಏನೇ ಬರೆದರೂ ಅದು ಊಹೆ. ನನ್ನ ಲಾಗ್ ಪುಸ್ತಕದಲ್ಲಿ ತಾರೀಖು, ಸಮಯ, ಬ್ಯಾಂಡ್, ಶಬ್ದದ ಗುಣ ಎಂಬ ಅಂಕಣಗಳಾದ ಮೇಲೆ ಕೊನೆಯದು 'ಹೆಸರು' ಎಂಬ ಅಂಕಣ. ಅಲ್ಲಿ 'ಕೇಳಿಸಿತು' ಎಂದೋ 'ಊಹೆ' ಎಂದೋ ಬರೆಯಬೇಕು. ಈ ನಿಯಮವನ್ನು ನಾನು ಪಲ್ಲವಿಗೆ ನೂರು ಸಲ ಹೇಳಿದ್ದೆ. ನಾನೇ ಎಷ್ಟು ಪಾಲಿಸಿದೆ ಎನ್ನುವುದು ಬೇರೆ ಮಾತು.

ಪಲ್ಲವಿಗೆ ಆಗ ಹದಿನೇಳು ವರ್ಷ. ಹನ್ನೆರಡನೇ ತರಗತಿ, ಸೈನ್ಸು. ಫಿಸಿಕ್ಸ್ ಎಂದರೆ ಊಟ ಬಿಡುವ ಹುಡುಗಿ. ಆದರೆ ಅವಳಿಗೆ ಮಾತು ಉಗ್ಗುತ್ತಿತ್ತು. ನಾಲ್ಕು ವರ್ಷದವಳಿದ್ದಾಗಿನಿಂದ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಉಗ್ಗು. ತುಟಿ ಕೂಡಿಸಿ ಹೇಳುವ ಅಕ್ಷರ ಬಂದರಂತೂ ಮುಗಿಯಿತು. ನಾವು ಮೆಚ್ಚಿ ಇಟ್ಟ ಅವಳ ಹೆಸರೇ ಅವಳಿಗೆ ಎಲ್ಲಕ್ಕಿಂತ ಕಷ್ಟ. ಯಾರಾದರೂ 'ನಿನ್ನ ಹೆಸರೇನಮ್ಮ' ಎಂದರೆ ಅವಳ ತುಟಿ ಬಿಗಿಯುವುದರೊಳಗೆ ನಾನೇ 'ಪಲ್ಲವಿ ಅಂತ' ಎಂದುಬಿಡುತ್ತಿದ್ದೆ. ಡಾಕ್ಟರ ಹತ್ತಿರ, ಅಂಗಡಿಯಲ್ಲಿ, ನೆಂಟರ ಮುಂದೆ, ಎಲ್ಲ ಕಡೆ ಅವಳ ವಾಕ್ಯದ ಬಾಲವನ್ನು ನಾನು ಹಿಡಿದು ಎಳೆಯುತ್ತಿದ್ದೆ. ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಮೊದಲೇ ನಾನು ವಾಚಾಳಿ.

ಹನ್ನೊಂದನೇ ತರಗತಿಯ ಕೊನೆಯಲ್ಲಿ ಫಿಸಿಕ್ಸ್ ವೈವಾ ಎಂಬ ಬಾಯಿಮಾತಿನ ಪರೀಕ್ಷೆ ನಡೆದಿತ್ತು. ಪ್ರಶ್ನೆ ಕೇಳಿದ ಟೀಚರು ಅರ್ಧ ನಿಮಿಷ ಕಾದು, 'ಓಕೆ, ನೆಕ್ಸ್ಟ್' ಎಂದು ಮುಂದಿನವಳನ್ನು ಕರೆದಿದ್ದರು. ಉತ್ತರ ಇವಳ ಬಾಯಲ್ಲೇ ಉಳಿಯಿತು. ಮನೆಗೆ ಬಂದವಳು ಎರಡು ದಿನ ತುಟಿ ಬಿಚ್ಚಲಿಲ್ಲ. ಮೂರನೇ ದಿನ ತಾಯಿಯ ಹತ್ತಿರ, ಮುಂದಿನ ವರ್ಷ ವೈವಾಕ್ಕೆ ನಾನು ಹೋಗುವುದಿಲ್ಲ, ಬೇಕಾದರೆ ಸೈನ್ಸೇ ಬಿಡುತ್ತೇನೆ ಎಂದಳಂತೆ. ಹನ್ನೆರಡನೆಯದರಲ್ಲಿ ವೈವಾಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ. ಪ್ರಾಜೆಕ್ಟಿನ ಮೇಲೆ ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಹೋದರೆ ಫಿಸಿಕ್ಸ್ ಹೋದಂತೆ, ಫಿಸಿಕ್ಸ್ ಹೋದರೆ ಅವಳು ಓದಬೇಕೆಂದುಕೊಂಡದ್ದೆಲ್ಲ ಹೋದಂತೆ. ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದೆ ಎಲ್ಲರೂ ಯೋಚಿಸುತ್ತಿದ್ದ ವಿಷಯ ಇದೊಂದೇ.

ಅಂಥ ವರ್ಷದ ಅಕ್ಟೋಬರಿನ ಒಂದು ಸಂಜೆ ಇಪ್ಪತ್ತೈದು ಮೀಟರ್ ಬ್ಯಾಂಡಿನಲ್ಲಿ ಮುಳ್ಳು ತಿರುಗಿಸುತ್ತಿದ್ದಾಗ ಆ ಶಬ್ದ ಸಿಕ್ಕಿತು. ಡೋಲು, ಜಾಗಟೆ, ತಾಳ, ನಡುವೆ ಮುಖವೀಣೆಯಂಥದ್ದೊಂದು ಕಿರುಚುವ ವಾದ್ಯ. ನಿಲ್ಲುವುದೇ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮಧ್ಯೆ ಒಂದು ಪ್ರಕಟಣೆ ಇಲ್ಲ, ಹೆಸರಿಲ್ಲ, ಊರಿಲ್ಲ. ಎಷ್ಟು ಜೋರಾಗಿತ್ತೆಂದರೆ ಪಕ್ಕದ ಗಲ್ಲಿಯಲ್ಲಿ ಬಾರಿಸಿದ ಹಾಗಿತ್ತು. ನನ್ನ ಹದಿನೈದು ವರ್ಷದ ಕೇಳುವಿಕೆಯಲ್ಲಿ ಅಂಥದ್ದು ಕೇಳಿರಲಿಲ್ಲ. ಪಲ್ಲವಿ ಪುಸ್ತಕ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ 'ಅಪ್ಪಾ, ಕೆ... ಕೆಳ...' ಎಂದು ಶುರು ಮಾಡಿದಳು. ನಾನು ಎಂದಿನಂತೆ, 'ಕೆಳಗಿನ ಮನೆಯವರ ಟ್ಯೂಬ್‌ಲೈಟಿನ ಗರಗರ ತಾನೆ? ಗೊತ್ತು ಬಿಡು' ಎಂದೆ. ಅವಳು ನನ್ನ ಮುಖ ನೋಡಿದಳು, ತಲೆ ಅಲ್ಲಾಡಿಸಿದಳು, ಎದ್ದು ಹೋದಳು.

ಮಾರನೆಯ ದಿನ ಬೆಳಿಗ್ಗೆ ಅವಳೇ ಒಂದು ಚೀಟಿ ತೋರಿಸಿದಳು: ಇದನ್ನೇ ಪ್ರಾಜೆಕ್ಟ್ ಮಾಡುತ್ತೇನೆ, ಗುರುತಿಲ್ಲದ ಶಾರ್ಟ್‌ವೇವ್ ಸಂಕೇತದ ಪತ್ತೆ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಶಾಲೆಯಲ್ಲಿ ಲ್ಯಾಬ್ ಟೀಚರು ಒಪ್ಪಿದರು. ನಾನು ಅವತ್ತೇ ಎರಡು ಶಪಥ ಮಾಡಿದೆ. ಫೆಬ್ರವರಿಯೊಳಗೆ ಈ ಶಬ್ದದ ಹೆಸರು ಕಂಡುಹಿಡಿಯಲೇಬೇಕು, ಇದು ಒಂದು. ಪಲ್ಲವಿ ವೈವಾದಲ್ಲಿ ಬಾಯಿ ತೆರೆಯುವ ಕಷ್ಟ ಬರದಂತೆ ನೋಡಿಕೊಳ್ಳಬೇಕು, ಇದು ಇನ್ನೊಂದು. ಮೊದಲನೆಯದಕ್ಕೆ ಹಸಿರು ತಂತಿ ತಂದು ಮರ ಹತ್ತಿದೆ. ಎರಡನೆಯದಕ್ಕೆ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದೆ: ನನ್ನ ಮಗಳಿಗೆ ಮಾತಿನ ತೊಂದರೆ ಇದೆ, ಪ್ರಶ್ನೆಗಳಿಗೆ ಬರೆದು ಉತ್ತರಿಸಲು ಅನುಮತಿ ಕೊಡಬೇಕು. ಟಿಪ್ಪಣಿ ಬರೆದು ಪಳಗಿದ ಕೈ, ಪತ್ರ ಚೆನ್ನಾಗಿಯೇ ಬಂದಿತ್ತು. ವೈವಾದ ದಿನ ಖುದ್ದಾಗಿ ಕೊಟ್ಟರೆ ಕೆಲಸವಾದೀತೆಂದು ಟ್ರಂಕಿನಲ್ಲಿ ಎತ್ತಿಟ್ಟೆ. ಪಲ್ಲವಿಗೆ ಹೇಳಲಿಲ್ಲ.

ಪತ್ತೆ ಶುರುವಾಯಿತು. ದಿನಾ ಸಂಜೆ ಆರಕ್ಕೆ ಕೂತರೆ ಏಳರ ಟಿವಿ ವಾರ್ತೆಗೆ ಎದ್ದೇಳುತ್ತಿದ್ದೆ. ಹೆಡ್‌ಫೋನು ನನ್ನ ಕಿವಿಯಲ್ಲಿ, ಪೆನ್ನು ನನ್ನ ಕೈಯಲ್ಲಿ, ಪ್ರಾಜೆಕ್ಟು ಮಾತ್ರ ಅವಳದ್ದು. ಮೂರನೇ ವಾರದಲ್ಲಿ ನನಗೆ ಜ್ಞಾನೋದಯವಾಯಿತು. ಇದು ಚಂಡೆ. ಇದು ಜಾಗಟೆ. ಇದು ಯಕ್ಷಗಾನ. ಅರಸೀಕೆರೆ ಕಡೆಯ ನಾನು ಜೀವಮಾನದಲ್ಲಿ ಯಕ್ಷಗಾನ ನೋಡಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ನಿದ್ದೆ ಮಾಡಿದ್ದೆ. ಆದರೂ ಕರಾವಳಿಯ ಯಾವುದೋ ಸ್ಟೇಷನ್ನು ಪರೀಕ್ಷೆಗೆಂದು ಆಟದ ಧ್ವನಿಮುದ್ರಿಕೆ ಬಿಡುತ್ತಿದೆ ಎಂದು ನನ್ನ ಮಟ್ಟಿಗೆ ಇತ್ಯರ್ಥವಾಯಿತು. ಲಾಗ್ ಪುಸ್ತಕದಲ್ಲಿ 'ಊಹೆ' ಎಂದು ಬರೆಯಲೂ ಮನಸ್ಸು ಬರಲಿಲ್ಲ. ಅಷ್ಟಕ್ಕೇ ಬಿಟ್ಟೆನೇ? ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ವಂದನಾರ್ಪಣೆಯ ಕೆಲಸ ನನಗೆ ಬಂದಿತ್ತು. ವಂದನೆ ಎರಡು ನಿಮಿಷದಲ್ಲಿ ಮುಗಿಸಿ, ದಿಲ್ಲಿಯ ಆಕಾಶದಲ್ಲಿ ದಿನಾ ಸಂಜೆ ನಮ್ಮ ಯಕ್ಷಗಾನ ಮೊಳಗುತ್ತಿದೆ ಎಂದು ಮೈಕಿನಲ್ಲಿ ಹೇಳಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಭಾನುವಾರ ಎಲ್ಲ ನಮ್ಮ ಮನೆಗೆ ಬನ್ನಿ, ಕೇಳಿಸುತ್ತೇನೆ ಎಂದೂ ಸೇರಿಸಿದೆ. ವಿಮಲಾ ಎದುರಿನ ಸಾಲಿನಲ್ಲಿ ಹಣೆ ಮುಟ್ಟಿಕೊಂಡಳು.

ಭಾನುವಾರ ಎಂಟು ಜನ ಬಂದರು. ಉಪ್ಪಿಟ್ಟು, ಕಾಫಿ. ಹತ್ತಿರದ ಉಡುಪಿ ಹೋಟೆಲಿನ ಧಣಿಗೆ ಬರಲಾಗಿರಲಿಲ್ಲ, ತಮ್ಮ ಬದಲಿಗೆ ಅಡುಗೆಯ ಸಂಜೀವಣ್ಣನವರನ್ನು ಕಳಿಸಿದ್ದರು. ಸಂಜೀವಣ್ಣ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಹನ್ನೆರಡು ವರ್ಷ ಮೇಳದಲ್ಲಿ ಚಂಡೆ ಬಾರಿಸಿ, ಮಣಿಕಟ್ಟಿನ ನೋವಿಗೆ ಅದನ್ನು ಬಿಟ್ಟು ದಿಲ್ಲಿಗೆ ಬಂದು ಸೌಟು ಹಿಡಿದವರು. ಆರೂವರೆಗೆ ರೇಡಿಯೋ ಹಾಕಿದೆ. ಡೋಲು ಮೊಳಗಿತು. ಎಲ್ಲರ ಮುಖ ಅರಳಿತು. ಒಬ್ಬರಂತೂ ಕಣ್ಣೊರೆಸಿಕೊಂಡು, ಇದು ಯಾವ ಪ್ರಸಂಗ ಎನ್ನುವುದನ್ನೂ ಹೇಳಿದರು. ಸಂಜೀವಣ್ಣ ಮಾತ್ರ ಕಾಫಿ ಮುಟ್ಟದೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, 'ಇದು ಚಂಡೆ ಅಲ್ಲ ಮಾರಾಯ್ರೆ. ಚರ್ಮ ಬೇರೆ, ಪೆಟ್ಟು ಬೇರೆ' ಎಂದರು.

ನಾನು ಬಿಡುತ್ತೇನೆಯೇ? ದೂರದಿಂದ ಬರುವಾಗ ಶಬ್ದ ಬದಲಾಗುತ್ತದೆ, ಬಡಗು ಬೇರೆ ತೆಂಕು ಬೇರೆ ಎಂದು ನನಗೆ ಗೊತ್ತಿಲ್ಲದ್ದನ್ನೆಲ್ಲ ಹೇಳತೊಡಗಿದೆ. ಪ್ರಸಂಗದ ಹೆಸರು ಹೇಳಿದವರೂ ನನ್ನ ಕಡೆ ಸೇರಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು, ಮೇಲೆ ರೇಡಿಯೋ ಬೇರೆ. ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಪಲ್ಲವಿಯ ತುಟಿ ಅಲುಗುತ್ತಿತ್ತು. ಸಂಜೀವಣ್ಣ ಕೈ ಎತ್ತಿದರು.

'ಸ್ವಲ್ಪ ನಿಲ್ಲಿ. ಮಗು ಏನೋ ಹೇಳ್ತಾ ಉಂಟು.'

'ಅವಳು ಕೆಳಗಿನ ಮನೆ ಟ್ಯೂಬ್‌ಲೈಟ್ ವಿಷಯ...' ಎಂದು ನಾನು ಬಾಯಿ ಹಾಕಿದೆ.

'ನೀವಲ್ಲ ಸಾರ್. ಅವಳು ಹೇಳಲಿ.'

ಎಲ್ಲರೂ ಸುಮ್ಮನಾದರು. ರೇಡಿಯೋದ ಡೋಲು ಒಂದೇ ಬಡಿದುಕೊಳ್ಳುತ್ತಿತ್ತು. ಪಲ್ಲವಿಯ ಕುತ್ತಿಗೆಯ ನರ ಉಬ್ಬಿತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅವಳಿಗಾಗಿ ಅಷ್ಟು ಹೊತ್ತು ಕಾದದ್ದು ನನಗೆ ನೆನಪಿಲ್ಲ.

'ಕೆ... ಕೆಳಗೆ ಯಾರೋ ಮಾತಾಡ್ತಿದ್ದಾರೆ,' ಎಂದಳು. 'ಡೋಲ್ ಕೇ ನೀಚೇ, ಡೋಲಿನ ಸದ್ದಿನ ಕೆಳಗೆ. ಮೊ... ಮೊದಲನೇ ದಿನದಿಂದ.'

ಸಂಜೀವಣ್ಣ ಎದ್ದು ಹೋಗಿ ರೇಡಿಯೋಗೆ ಕಿವಿ ಒತ್ತಿ ನಿಂತರು. ಹೋಟೆಲಿನ ಒಗ್ಗರಣೆಯ ಘಾಟು ಅವರ ಅಂಗಿಯಿಂದ ಬರುತ್ತಿತ್ತು. ಎರಡು ನಿಮಿಷ ಬಿಟ್ಟು ಪಲ್ಲವಿಯ ಕಡೆ ತಿರುಗಿ 'ಉಂಟು' ಎಂದರು. ಆಮೇಲೆ ನಮಗೆಲ್ಲ ಹೇಳಿದರು: 'ನಮ್ಮಲ್ಲಿ ಪದ್ಯ ಮುಗಿದು ಅರ್ಥ ಶುರು ಆದ್ರೆ ಚಂಡೆಯವ ಕೋಲು ಇಳಿಸ್ಬೇಕು. ವೇಷದವ ಮಾತಾಡುವಾಗ ಅದರ ಮೇಲೆ ಬಾರಿಸ್ಲಿಕ್ಕಿಲ್ಲ, ಬಾರಿಸಿದ್ರೆ ಬಣ್ಣ ಹಚ್ಚುವ ಚೌಕಿಯಲ್ಲಿ ಎಲ್ಲರ ಹತ್ರ ಬೈಗಳು. ಇವ ಮಾತಿನ ಮೇಲೆಯೇ ಬಾರಿಸ್ತಾ ಇದ್ದಾನೆ. ಇದು ಆಟಕ್ಕೆ ಬಾರಿಸುವುದಲ್ಲ. ಮಾತು ಯಾರಿಗೂ ಕೇಳಬಾರದು ಅಂತ ಬಾರಿಸುವುದು.'

ಜನ ಒಬ್ಬೊಬ್ಬರಾಗಿ ಎದ್ದರು. ಪ್ರಸಂಗದ ಹೆಸರು ಹೇಳಿದವರು ಎಲ್ಲರಿಗಿಂತ ಮೊದಲು ಹೊರಟರು. ಸಂಜೀವಣ್ಣ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಬಾಗಿಲ ಹತ್ತಿರ ಹಾಲೆ ಮರವನ್ನು ನೋಡಿ, ಊರಲ್ಲಿ ಆಟಿ ಅಮಾವಾಸ್ಯೆಗೆ ಇದರ ತೊಗಟೆಯ ಕಷಾಯ ಕುಡಿಯುತ್ತೇವೆ, ಇಲ್ಲಿ ಬರೀ ವಾಸನೆಗೆ ಬೆಳೆಸಿದ್ದಾರಲ್ಲ ಎಂದು ಹೋದರು. ನಾನು ಇಲ್ಲಿಯವರು ಮೋಡಾ ಎನ್ನುವ ಬೆತ್ತದ ಸ್ಟೂಲಿನ ಮೇಲೆ ಕೂತೇ ಇದ್ದೆ. ಸಂಘದವರ ಮುಂದೆ ಮರ್ಯಾದೆ ಹೋಯಿತೆಂಬ ಬೇಜಾರು ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು 'ಮೊದಲನೇ ದಿನದಿಂದ' ಎಂಬ ಮಾತು. ಐದು ವಾರ. ಐದು ವಾರದಿಂದ ಅವಳಿಗೆ ಗೊತ್ತಿತ್ತು, ನಾನು ಟ್ಯೂಬ್‌ಲೈಟು ಎನ್ನುತ್ತಿದ್ದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಪಲ್ಲವಿ ಲೋಟಗಳನ್ನು ಎತ್ತಿಟ್ಟು ಬಂದು ನನ್ನ ಮುಂದೆ ನಿಂತಳು. ಅವಳಿಗೆ ಅತಿ ಕಷ್ಟದ ಅಕ್ಷರವೇ ಮತ್ತೆ ಎದುರಾಗಿತ್ತು. ನಾನು ಕಾದೆ. 'ಅಪ್ಪಾ, ಪ್ರಾ... ಪ್ರಾಜೆಕ್ಟ್ ನನ್ನದು' ಎಂದಳು. ನಾನು ಹೆಡ್‌ಫೋನನ್ನೂ ಲಾಗ್ ಪುಸ್ತಕವನ್ನೂ ಅವಳ ಕೈಗೆ ಕೊಟ್ಟೆ. ಅವತ್ತಿನಿಂದ ರೇಡಿಯೋದ ಮುಂದಿನ ಕುರ್ಚಿ ಅವಳದ್ದು, ಮೋಡಾ ನನ್ನದು.

ನಾನು ಐದು ವಾರದಲ್ಲಿ ಕಾಣದ್ದನ್ನು ಅವಳು ಮೂರು ದಿನದಲ್ಲಿ ಕಂಡಳು. ಆ ವಾದ್ಯಮೇಳ ಒಂದು ಗಂಟೆಯ ಟೇಪು. ಮುಗಿದರೆ ಮತ್ತೆ ಮೊದಲಿನಿಂದ. ಮತ್ತು ಗಂಟೆ ಬಡಿಯುವ ಹೊತ್ತಿಗೆ ಸರಿಯಾಗಿ ಕೆಲವು ನಿಮಿಷ ಪೂರ್ತಿ ನಿಲ್ಲುತ್ತದೆ. ಏಳು ಗಂಟೆಗೆ ನಾನು ಟಿವಿ ವಾರ್ತೆಗೆ ಎದ್ದು ಹೋಗುತ್ತಿದ್ದೆನಲ್ಲ, ಸರಿಯಾಗಿ ಅದೇ ಹೊತ್ತಿಗೆ. ಡೋಲು ನಿಂತಾಗ ಕೆಳಗಿನ ಆ ದನಿ ಒಂಟಿಯಾಗಿ ಉಳಿಯುತ್ತಿತ್ತು. ತೀರಾ ತೆಳು, ಅಲೆಯಂತೆ ಏರುತ್ತ ಇಳಿಯುತ್ತ. ಅವರು ಯಾಕೆ ನಿಲ್ಲಿಸುತ್ತಾರೆಂದು ಕ್ಲಬ್ಬಿನ ಹಿರಿಯರೊಬ್ಬರಿಗೆ ಅವಳೇ ಪತ್ರ ಬರೆದು ಕೇಳಿದಳು. ಮುಚ್ಚಬೇಕಾದ ದನಿ ಇನ್ನೂ ಅಲ್ಲೇ ಇದೆಯೋ ಬೇರೆ ಜಾಗಕ್ಕೆ ಹೋಗಿದೆಯೋ ನೋಡಲು ಇರಬೇಕು ಎಂದು ಅವರು ಬರೆದರು. ಸರಿ, ಇವಳೂ ನೋಡಿದಳು. ಆ ದನಿ ಬ್ಯಾಂಡಿನಲ್ಲಿ ಸ್ವಲ್ಪ ಆಚೆ ಸರಿದ ದಿನ ಡೋಲೂ ಹಿಂದೆಯೇ ಸರಿಯಿತು. ಅದನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಎರಡು ಬಣ್ಣದ ಗೆರೆಗಳಲ್ಲಿ ಇಳಿಸಿದಳು.

ಡಿಸೆಂಬರ್ ಬಂತು, ಮಂಜು ಬಂತು. ಬಾಲ್ಕನಿಯಿಂದ ಹಾಲೆ ಮರವೇ ಕಾಣುತ್ತಿರಲಿಲ್ಲ, ತಂತಿ ಮಂಜಿನೊಳಗೆ ಹೋಗಿ ಮಾಯವಾಗುತ್ತಿತ್ತು. ದಿನಾ ಏಳಕ್ಕೆ ಐದು ನಿಮಿಷ ಇರುವಾಗ ಮನೆಯ ಟ್ಯೂಬ್‌ಲೈಟು, ಫ್ರಿಜ್ಜು, ಟಿವಿ ಎಲ್ಲ ಬಂದ್, ಗರಗರ ಕಡಿಮೆಯಾಗಲೆಂದು. ವಿಮಲಾ ಮೇಣದ ಬತ್ತಿಯ ಬೆಳಕಿನಲ್ಲಿ ಚಪಾತಿ ಲಟ್ಟಿಸುತ್ತ, ನಿಮ್ಮ ಸ್ಟೇಷನ್ನು ಹೆಸರು ಹೇಳೋ ಹೊತ್ತಿಗೆ ನಾನು ಮುದುಕಿಯಾಗಿರ್ತೀನಿ ಎನ್ನುತ್ತಿದ್ದಳು. ಕೆಳಗಿನ ಮನೆಯ ಟ್ಯೂಬ್‌ಲೈಟು ಮಾತ್ರ ನಿಜಕ್ಕೂ ತೊಂದರೆ ಕೊಡುತ್ತಿತ್ತು, ಅಷ್ಟರ ಮಟ್ಟಿಗೆ ನನ್ನ ಮಾತು ಸುಳ್ಳಲ್ಲ. ನಾನು ಹೋಗಿ ಹೇಳಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ಪಲ್ಲವಿ ಬೇಡ ಎಂದು ತಾನೇ ಇಳಿದು ಹೋದಳು. ಹತ್ತು ನಿಮಿಷ ಬರಲಿಲ್ಲ. ಬಂದಾಗ ಕೆನ್ನೆ ಕೆಂಪಾಗಿತ್ತು, ಕೆಳಗಿನ ದೀಪ ಆರಿತ್ತು. ಆ ಮನೆಯ ಆಂಟಿ ಮಾರ್ಚಿನವರೆಗೂ ದಿನಾ ಹತ್ತು ನಿಮಿಷ ಆ ದೀಪ ಆರಿಸಿದರು.

ದನಿ ಟೇಪಿಗೆ ಸಿಕ್ಕಿತು. ಮೊದಲು ಒಂದು ಸಣ್ಣ ರಾಗ, ಆಮೇಲೆ ಹೆಂಗಸೊಬ್ಬಳ ನಾಲ್ಕಾರು ಶಬ್ದ, ಆಮೇಲೆ ಓದುವ ಧಾಟಿಯ ಮಾತು. ಭಾಷೆ ಯಾವುದೆಂದು ತಿಳಿಯಲಿಲ್ಲ. ನಾನು ಕ್ಲಬ್ಬಿನ ಪಟ್ಟಿ ತಿರುವಿ, ಹಿಮಾಲಯದ ಆಚೆಯವರಿಗಾಗಿ ಹೊರದೇಶದಿಂದ ಪ್ರಸಾರವಾಗುವ ಒಂದು ಸ್ಟೇಷನ್ನಿನ ಹೆಸರಿಗೆ ಬೆರಳಿಟ್ಟು, ಸಮಯ ತಾಳೆಯಾಗುತ್ತೆ, ಬ್ಯಾಂಡ್ ತಾಳೆಯಾಗುತ್ತೆ, ಬರೆದುಬಿಡು, ಜನವರಿ ಅರ್ಧ ಆಯಿತು ಎಂದೆ. ಪಲ್ಲವಿ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. 'ಅದೇ ಹೇಳಲಿ' ಎಂದಳು, ಒಂದು ಚೂರೂ ತಡವರಿಸದೆ. ನಾನು ಕಲಿಸಿದ ನಿಯಮ ನನ್ನ ಬಾಯಿ ಮುಚ್ಚಿಸಿತು.

ಅದಾದ ಮೇಲೆ ಒಂದು ಶನಿವಾರ ಐಎನ್ಎ ಮಾರ್ಕೆಟ್ಟಿನ ಹೊರಗೆ ವಿಮಲಾಗೆ ಕಾರ್ಡಿಗನ್ ನೋಡುತ್ತಿದ್ದೆವು. ಚಳಿಗಾಲ ಬಂದರೆ ಅಲ್ಲಿ ಟಿಬೆಟಿನವರು ಸ್ವೆಟರ್ ರಾಶಿ ಹಾಕಿಕೊಂಡು ಕೂರುತ್ತಾರೆ. ವಿಮಲಾ ನನಗೆ, ಬಣ್ಣ ಬಿಡುತ್ತೇನೋ ಎಂದಳು. ಸ್ವೆಟರ್ ಮಾರುತ್ತಿದ್ದ ಹೆಂಗಸು ಮಡಿಸುತ್ತಿದ್ದದ್ದನ್ನು ನಿಲ್ಲಿಸದೆ, 'ಬಿಡಲ್ಲ ಅಕ್ಕ, ತಗೊಳ್ಳಿ' ಎಂದಳು. ಅಚ್ಚ ಪಿರಿಯಾಪಟ್ಟಣದ ಕನ್ನಡ. ಹೆಸರು ಡೋಲ್ಮಾ, ಹುಟ್ಟಿ ಬೆಳೆದದ್ದು ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ, ಚಳಿಗಾಲದಲ್ಲಿ ವ್ಯಾಪಾರಕ್ಕೆಂದು ದಿಲ್ಲಿಗೆ ಬರುವುದು. ವಿಮಲಾ ಮತ್ತು ಅವಳು ಅಕ್ಕ ತಂಗಿಯರ ಹಾಗೆ ಊರಿನ ಮಾತಿಗೆ ಇಳಿದರು. ಪಲ್ಲವಿ ಮಾತ್ರ ಡೋಲ್ಮಾಳ ಮುಖವನ್ನೇ ನೋಡುತ್ತ ಚೀಲದಿಂದ ವಾಕ್‌ಮನ್ ತೆಗೆದಳು. ಆ ಟೇಪು ಸದಾ ಅವಳ ಜೊತೆಗಿರುತ್ತಿತ್ತು. ಅವಳ ಮನಸ್ಸಿಗೆ ಬಂದದ್ದು ನನಗೂ ಹೊಳೆಯಿತು. ಬಾಯಿ ತೆರೆದೆ. ವಿಮಲಾ ನನ್ನ ತೋಳು ಹಿಡಿದು ಅದುಮಿದಳು.

ಪಲ್ಲವಿ ತಾನೇ ಕೇಳಿದಳು. ಹಿಂದೆ ಇಬ್ಬರು ಗಿರಾಕಿಗಳು ಅವಸರ ಮಾಡುತ್ತಿದ್ದರು. ಡೋಲ್ಮಾ ಅವಸರ ಮಾಡಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡಳು. ಮೊದಲು ಡೋಲಿನ ಸದ್ದಿಗೆ ಮುಖ ಕಿವುಚಿದಳು. ಆಮೇಲೆ ಅವಳ ಕೈಯಲ್ಲಿದ್ದ ಸ್ವೆಟರ್ ಹಾಗೇ ನಿಂತಿತು. ಗಿರಾಕಿಗಳಿಗೆ ನಿಲ್ಲಿ ಎಂದು ಕೈ ತೋರಿಸಿದಳು. ಮತ್ತೊಮ್ಮೆ ಹಾಕು ಎಂದಳು, ಮತ್ತೊಮ್ಮೆ.

'ನಮ್ಮ ಭಾಷೆ,' ಎಂದಳು. 'ಮೊದಲು ಅವರ ಹೆಸರು ಹೇಳ್ತಾರೆ, ಆಮೇಲೆ ವಾರ್ತೆ. ನಮ್ಮ ದೊಡ್ಡಪ್ಪ ಇನ್ನೂ ಆ ಕಡೆ, ಟಿಬೆಟಲ್ಲೇ ಇದಾರೆ. ರೇಡಿಯೋ ಹಾಕಿದ್ರೆ ಬರೀ ಡೋಲು ಬರುತ್ತೆ, ಅಲ್ಲಿನ ಸರ್ಕಾರದೋರೇ ಬಾರಿಸ್ತಾರೆ ಅಂತ ಒಂದ್ಸಲ ಹೇಳಿ ಕಳಿಸಿದ್ರು. ನಾವು ನಂಬಿರಲಿಲ್ಲ.'

ಆ ನಾಲ್ಕಾರು ಶಬ್ದಗಳನ್ನು ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಪಲ್ಲವಿ 'ಹೆಸರು' ಎಂಬ ಅಂಕಣದಲ್ಲಿ ಬರೆದುಕೊಂಡಳು. ನಾನು ಪಟ್ಟಿಯಲ್ಲಿ ಬೆರಳಿಟ್ಟ ಹೆಸರೇ ಅದು. ಅದನ್ನು ಅಲ್ಲೇ ಕೂಗಿ ಹೇಳಬೇಕೆನಿಸಿತು, ಹೇಳಲಿಲ್ಲ. ಆ ಹೆಸರು ಇಲ್ಲಿಯೂ ಬೇಡ, ಪಲ್ಲವಿಯ ಪ್ರಾಜೆಕ್ಟಿನಲ್ಲಿದೆ. ಡೋಲ್ಮಾ ಕೊನೆಗೆ ಟೇಪಿನ ಇನ್ನೊಂದು ಪ್ರತಿ ಸಿಗುತ್ತಾ ಎಂದು ಕೇಳಿದಳು. ಮುಂದಿನ ವಾರ ಪಲ್ಲವಿಯೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಳು.

ಫೆಬ್ರವರಿಯಲ್ಲಿ ವೈವಾ. ಹಿಂದಿನ ದಿನ ಟ್ರಂಕಿನಿಂದ ಪತ್ರ ತೆಗೆದು ಕೋಟಿನ ಒಳಜೇಬಿನಲ್ಲಿಟ್ಟೆ. ಇಷ್ಟೆಲ್ಲ ಆದ ಮೇಲೂ ಯಾಕೆ ಎಂದು ಕೇಳಿದರೆ, ಹೆದರಿಕೆ ಎಂದಷ್ಟೇ ಹೇಳಬಲ್ಲೆ. ಸಂಜೀವಣ್ಣ ಕಾದರು, ಡೋಲ್ಮಾ ಕಾದಳು, ಕೆಳಗಿನ ಮನೆಯ ಆಂಟಿ ಕಾದರು. ಹೊರಗಿನ ಪರೀಕ್ಷಕ ಕಾಯುತ್ತಾನೆಯೇ? ಅವನಿಗೆ ಒಂದು ಬೆಳಿಗ್ಗೆಯಲ್ಲಿ ನಲವತ್ತು ಮಕ್ಕಳು. ಪಲ್ಲವಿಗೆ ತಿಳಿಯದಂತೆ ಅರ್ಧ ದಿನದ ರಜೆ ಹಾಕಿ ಶಾಲೆಗೆ ಹೋದೆ. ಲ್ಯಾಬಿನ ಹೊರಗಿನ ಕಾರಿಡಾರಿನಲ್ಲಿ, ಕಿಟಕಿಯ ಪಕ್ಕ, ಒಳಗಿನವರಿಗೆ ಕಾಣದ ಕಡೆ ನಿಂತೆ. ಟೀಚರು ಹೊರಗೆ ಬಂದರೆ ಪತ್ರ ಕೊಡುವುದೆಂದು ಲೆಕ್ಕ. ಟೀಚರು ಬರಲಿಲ್ಲ. ಒಳಗೆ ಅವಳ ಸರದಿ ಬಂದೇಬಿಟ್ಟಿತು. ಕುರ್ಚಿ ಸರಿದ ಸದ್ದು ಕೇಳಿಸಿತು.

'ನೇಮ್?' ಎಂದರು ಪರೀಕ್ಷಕರು.

ಫಿಸಿಕ್ಸಿನ ಪ್ರಶ್ನೆಗಳಿಗೆಲ್ಲ ನಾವು ತಯಾರಾಗಿದ್ದೆವು. ಈ ಒಂದು ಪ್ರಶ್ನೆ ಯಾರ ತಲೆಗೂ ಬಂದಿರಲಿಲ್ಲ. ಒಳಗೆ ಸದ್ದಿಲ್ಲ. ನನ್ನ ಬಾಯಲ್ಲಿ ಆ ಹೆಸರು ತುಂಬಿಕೊಂಡಿತು. ಹದಿಮೂರು ವರ್ಷ ಅವಳ ಪರವಾಗಿ ನಾನೇ ಹೇಳುತ್ತ ಬಂದ ಹೆಸರು. ಬಾಗಿಲು ನಾಲ್ಕು ಹೆಜ್ಜೆ ದೂರ. ಒಳಜೇಬಿನ ಪತ್ರದ ಮೇಲೆ ಕೈ ಇತ್ತು. 'ಪ... ಪ...' ಎಂದು ಕೇಳಿಸಿತು, ಮತ್ತೆ ನಿಂತಿತು. ಕಾಗದ ತಿರುವಿದ ಸದ್ದು. ಪರೀಕ್ಷಕರು ಪಟ್ಟಿಯಲ್ಲಿ ಹೆಸರು ಹುಡುಕುತ್ತಿರಬೇಕು, ಓದಿ ಹೇಳಿ ಮುಂದೆ ಹೋಗಲು. 'ಅಚ್ಛಾ, ಯೂ ಆರ್...' ಎಂದು ಅವರು ಶುರು ಮಾಡಿದರು.

'ಸರ್, ಏಕ್ ಮಿನಿಟ್,' ಎಂದಳು ಪಲ್ಲವಿ. 'ನಾನೇ ಹೇ... ಮೈಂ ಖುದ್ ಬೋಲೂಂಗೀ.'

ಕಾಗದದ ಸದ್ದು ನಿಂತಿತು. ನಾನು ಜೇಬಿನಿಂದ ಕೈ ತೆಗೆದು ಗೋಡೆಗೆ ಒರಗಿದೆ. ಗಡಿಯಾರ ನೋಡಲಿಲ್ಲ. ಏಳು ಗಂಟೆಯ ಆ ಮೌನದಲ್ಲಿ ಮೋಡಾದ ಮೇಲೆ ಕೂತು ಕಲಿತಿದ್ದೆನಲ್ಲ, ಹಾಗೆ ಉಸಿರು ಹಿಡಿದು ಕಾದೆ.

'ಪಲ್ಲವಿ,' ಎಂದಳು.

ಅಲ್ಲಿಂದ ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಕಣ್ಣು ಮಂಜಾಗಿತ್ತು, ಮೆಟ್ಟಿಲು ಹಿಡಿದುಕೊಂಡು ಇಳಿದೆ, ಗೇಟಿನ ಹತ್ತಿರ ಕಡಲೆಕಾಯಿಯ ಭಯ್ಯಾನ ಪಕ್ಕ ಹೋಗಿ ನಿಂತೆ. ಅವಳು ಹೊರಬರಲು ಬಹಳ ಹೊತ್ತಾಯಿತು. ಪರೀಕ್ಷಕರು ಬಿಡದೆ ಕೇಳಿದರಂತೆ, ಇವಳು ಬಿಡದೆ ಹೇಳಿದಳಂತೆ. ನನ್ನನ್ನು ಅಲ್ಲಿ ಕಂಡು ಹುಬ್ಬೇರಿಸಿದಳು. ಯಾಕೆ ಬಂದೆ ಎಂದು ಕೇಳಲಿಲ್ಲ, ನಾನೂ ಹೇಗಾಯಿತು ಎಂದು ಕೇಳಲಿಲ್ಲ. ಕಡಲೆಕಾಯಿ ಕೈಗಿಟ್ಟೆ. ಬಸ್ಸು ಬರುವವರೆಗೂ ಅವಳು ಹೇಳುತ್ತಲೇ ಇದ್ದಳು, ತಡೆತಡೆದು, ನಡುನಡುವೆ ನಿಂತು. ನಾನು ಸಿಪ್ಪೆ ಬಿಡಿಸುತ್ತ ಕೇಳಿದೆ.

ಅವತ್ತು ಸಂಜೆ ಲಾಗ್ ಪುಸ್ತಕವನ್ನು ಅವಳ ಮೇಜಿನಿಂದ ಕೇಳಿ ಪಡೆದು ಒಂದು ಸಾಲು ಬರೆದೆ. ತಾರೀಖು, ಸಮಯ. ಬ್ಯಾಂಡ್ ಎಂಬಲ್ಲಿ ಒಂದು ಗೆರೆ. ಶಬ್ದದ ಗುಣ ಎಂಬಲ್ಲಿ 'ಸ್ಪಷ್ಟ'. ಕೊನೆಯ ಅಂಕಣದಲ್ಲಿ 'ಕೇಳಿಸಿತು'.